ಇಳಿಜಾರನ್ನು ಓದುವ ಕೆಲಸ

ಹೂಗ್ಯಂ ಸೀಮೆಯಲ್ಲಿ ಸಮತಟ್ಟಾದ ಹೊಲ ಅಪರೂಪ. ಗುಡ್ಡದ ಬುಡದಲ್ಲಿ ಶುರುವಾದ ಭೂಮಿ ಹಳ್ಳ ಸಿಗುವ ತನಕ ಇಳಿಯುತ್ತಲೇ ಹೋಗುತ್ತದೆ. ಮೇಲೆ ನಿಂತು ನೋಡುವ ಹೊಸಬರಿಗೆ ಎಲ್ಲವೂ ಒಂದೇ ಕೆಂಪು. ಅಲ್ಲೇ ಉತ್ತು ಬಿತ್ತಿದವರ ಜೊತೆ ಇಳಿದರೆ, ಇನ್ನೂರು ಮುನ್ನೂರು ಹೆಜ್ಜೆಯೊಳಗೆ ಆ ಕೆಂಪು ನಾಲ್ಕು ಹೆಸರಾಗಿ ಒಡೆಯುತ್ತದೆ. ಎಲ್ಲಕ್ಕಿಂತ ಮೇಲೆ ಕಲ್ಲುಭೂಮಿ. ಅದರ ಕೆಳಗೆ ಹರಳು ಬೆರೆತ ಗರಸು. ಇನ್ನೂ ಇಳಿದರೆ ಮಣ್ಣಿನ ಅಂಟು ಹೆಚ್ಚಿ ಗೋಡು ಆಗುತ್ತದೆ. ಹಳ್ಳದ ಮಗ್ಗುಲಿಗೆ ಬಂದಾಗ ಮಳೆ ನೀರು ಮೇಲಿನಿಂದ ತಂದು ಹಾಕಿದ ನುಣುಪಾದ ಮೆಕ್ಕಲು. ಯಾವ ಮಣ್ಣಿಗೆ ಯಾವ ಬೆಳೆ, ಎಲ್ಲಿ ಬದು, ಎಲ್ಲಿ ಮರ, ಎಲ್ಲಿ ಏನೂ ಮಾಡದೆ ಬಿಡಬೇಕು ಎಂದು ನಿರ್ಧರಿಸುವುದಕ್ಕೆ ಕಚೇರಿಯ ಭಾಷೆಯಲ್ಲಿ ಭೂ ನಿರ್ವಹಣಾ ಯೋಜನೆ ಎನ್ನುತ್ತಾರೆ. ಈ ಇಳಿಜಾರಿನ ಮೇಲೆ ಅದೊಂದು ಕೈಕಸುಬು. ಬಡಗಿ ಮರದ ಎಳೆ ನೋಡುವ ಹಾಗೆ ಇಲ್ಲಿ ನೆಲದ ಎಳೆ ನೋಡಬೇಕು.

ಊರಿನ ನೆಲೆ ತಿಳಿದರೆ ಕೆಲಸದ ಕಷ್ಟ ತಿಳಿಯುತ್ತದೆ. ಹೂಗ್ಯಂ ಇರುವುದು ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿನಲ್ಲಿ, ತಮಿಳುನಾಡಿನ ಗಡಿಗೆ ಹತ್ತಿರ. ಹನೂರು ಮೊದಲು ಕೊಳ್ಳೇಗಾಲ ತಾಲ್ಲೂಕಿನ ಭಾಗವಾಗಿತ್ತು. ಕೊಳ್ಳೇಗಾಲವೋ 1956ರ ತನಕ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಊರಿನ ಹೆಸರನ್ನೇ ಹೊತ್ತ ಅರಣ್ಯ ವಲಯ 2013ರಲ್ಲಿ ಘೋಷಣೆಯಾದ ಮಲೆ ಮಹದೇಶ್ವರ ವನ್ಯಜೀವಿಧಾಮದೊಳಗೆ ಬರುತ್ತದೆ. ಅಂದರೆ ಇಲ್ಲಿನ ಎಷ್ಟೋ ಹೊಲಗಳ ಮೇಲಂಚು ಕಾಡು, ಕೆಳಅಂಚು ಹಳ್ಳ. ನಡುವೆ ಇರುವಷ್ಟು ನೆಲದಲ್ಲಿ ಬದುಕು ಸಾಗಬೇಕು.

ಮೊದಲು ಮಳೆಯ ಲೆಕ್ಕ. ಕೃಷಿ ವಿಜ್ಞಾನಿಗಳು ಈ ಪ್ರದೇಶವನ್ನು ದಕ್ಷಿಣ ಒಣವಲಯ ಎಂದು ಗುರುತಿಸಿದ್ದಾರೆ. ನೈಋತ್ಯ ಮುಂಗಾರಿನ ಮೋಡಗಳು ಪಶ್ಚಿಮಘಟ್ಟದಲ್ಲಿ ಬಹುಪಾಲು ಸುರಿದು, ಉಳಿದದ್ದನ್ನು ಬಿಳಿಗಿರಿರಂಗನ ಬೆಟ್ಟದ ಸಾಲಿಗೆ ಕೊಟ್ಟು, ಇಲ್ಲಿಗೆ ಬರುವಾಗ ಹಗುರಾಗಿರುತ್ತವೆ. ಆದ್ದರಿಂದ ಮಳೆಗೆ ಇಲ್ಲಿ ಎರಡು ಏರು, ನಡುವೆ ಒಂದು ತಗ್ಗು. ಅಶ್ವಿನಿ, ಭರಣಿ, ಕೃತ್ತಿಕೆಗಳಲ್ಲಿ, ಎಂದರೆ ಏಪ್ರಿಲ್ ಮಧ್ಯದಿಂದ ಮೇ ಕೊನೆಯವರೆಗೆ, ಗುಡುಗಿನೊಂದಿಗೆ ಬರುವ ಮಳೆ ಒಂದು ಏರು. ಉತ್ತರೆ, ಹಸ್ತ, ಚಿತ್ತೆಗಳಲ್ಲಿ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ, ಬರುವುದು ಇನ್ನೊಂದು. ಜೂನ್, ಜುಲೈ ಮಾತ್ರ ಗಾಳಿಯ ತಿಂಗಳು. ಮೋಡ ಓಡುತ್ತದೆ, ನೆಲ ಒಣಗುತ್ತದೆ. ಮಲೆನಾಡಿನ ಪಂಚಾಂಗ ಹಿಡಿದುಕೊಂಡು ಜೂನ್‌ನಲ್ಲಿ ದೊಡ್ಡ ಬೆಳೆ ಬಿತ್ತಿದರೆ ಮೊಳಕೆ ಬಾಡುತ್ತದೆ. ಇಲ್ಲಿನ ಜಾಣತನ ಎಂದರೆ ಮೊದಲ ಏರಿನಲ್ಲಿ ಎಳ್ಳು, ಅಲಸಂದೆ, ಹೆಸರಿನಂಥ ಬೇಗ ಮುಗಿಯುವ ಬೆಳೆ ತೆಗೆದುಕೊಳ್ಳುವುದು, ಇಲ್ಲವೇ ಭೂಮಿಯನ್ನು ಉತ್ತು ತೆರೆದಿಟ್ಟು ನೀರು ಕುಡಿಸುವುದು. ರಾಗಿಯನ್ನು ತಡವಾಗಿ ಬಿತ್ತಿ, ಅದು ತೆನೆ ಹೊರಡುವ ಹೊತ್ತಿಗೆ ಎರಡನೆಯ ಏರು ಸಿಗುವಂತೆ ದಿನ ಎಣಿಸುವುದು. ಕೃಷಿ ವಿಶ್ವವಿದ್ಯಾಲಯದ ಜಿಪಿಯು–28 ತಳಿ ಕೊಯ್ಲಿಗೆ ಬರಲು ಸುಮಾರು 110ರಿಂದ 115 ದಿನ ತೆಗೆದುಕೊಳ್ಳುತ್ತದೆ. ಇನ್ನು ಕೆಲವು ದೀರ್ಘಾವಧಿ ತಳಿಗಳು ಅದಕ್ಕಿಂತ ಹತ್ತು ದಿನ ಹೆಚ್ಚು ಕೇಳುತ್ತವೆ. ಆ ಹತ್ತು ದಿನದ ನೀರು ಈ ಮಣ್ಣಿನಲ್ಲಿ ಇದೆಯೇ ಎಂಬ ಪ್ರಶ್ನೆಗೆ ಉತ್ತರ ಆಕಾಶದಲ್ಲಿ ಸಿಗುವುದಿಲ್ಲ. ಅದಕ್ಕೆ ಗುಂಡಿ ತೋಡಬೇಕು.

ಮಣ್ಣು ಸಮೀಕ್ಷೆಯವರು ತೋಡುವ ಗುಂಡಿ ಬಾವಿಯಂಥದ್ದಲ್ಲ, ಒಂದು ಗೋಡೆಯನ್ನು ಓದುವುದಕ್ಕಾಗಿ ತೆಗೆದ ಕೋಣೆ. ಆಳುದ್ದ, ಅಥವಾ ಬಂಡೆ ಸಿಗುವ ತನಕ ಅಗೆಯುತ್ತಾರೆ. ಬಿಸಿಲು ನೇರ ಬೀಳುವ ಮುಖವನ್ನು ಓದಲು ಉಳಿಸಿಕೊಳ್ಳುತ್ತಾರೆ. ಆ ಬದಿಯ ದಂಡೆಯ ಮೇಲೆ ಯಾರೂ ಕಾಲಿಡುವ ಹಾಗಿಲ್ಲ, ಮಣ್ಣನ್ನು ಅಲ್ಲಿ ಸುರಿಯುವ ಹಾಗೂ ಇಲ್ಲ. ಆಮೇಲೆ ಒಬ್ಬರು ಒಳಗಿಳಿದು, ಚಾಕುವಿನ ತುದಿಯಿಂದ ಮೇಲಿನಿಂದ ಕೆಳಕ್ಕೆ ಮೆಲ್ಲಗೆ ಕೆದಕುತ್ತಾ ಬರುತ್ತಾರೆ. ಗುದ್ದಲಿಯ ಏಟಿಗೆ ನುಣುಪಾಗಿದ್ದ ಗೋಡೆ ಹೀಗೆ ಕೆದಕಿದಾಗ ತನ್ನ ನಿಜರೂಪ ತೋರಿಸುತ್ತದೆ. ಚಾಕು ಸಲೀಸಾಗಿ ಹೋಗುವ ಪದರ ಒಂದು. ತಡೆಯುವ ಪದರ ಇನ್ನೊಂದು. ಬೇರುಗಳು ಎಲ್ಲಿಯ ತನಕ ನೇರ ಇಳಿದು ಎಲ್ಲಿ ಅಡ್ಡ ತಿರುಗಿವೆ ಎಂಬುದನ್ನು ಗುರುತು ಮಾಡಿಕೊಳ್ಳುತ್ತಾರೆ. ಬೇರು ತಿರುಗಿದ ಆ ಗೆರೆಯೇ ಬೆಳೆಯ ಮಟ್ಟಿಗೆ ಭೂಮಿಯ ತಳ.

ಪ್ರತಿ ಪದರದಿಂದ ಒಂದು ಹಿಡಿ ಮಣ್ಣು ಅಂಗೈಗೆ ಬರುತ್ತದೆ. ಅದಕ್ಕೆ ಹನಿಹನಿಯಾಗಿ ನೀರು ಹಾಕಿ, ರೊಟ್ಟಿ ಹಿಟ್ಟಿನ ಹದಕ್ಕೆ ನಾದಿ ಉಂಡೆ ಮಾಡುತ್ತಾರೆ. ಉಂಡೆಯೇ ನಿಲ್ಲದಿದ್ದರೆ ಅದು ಮರಳು. ನಿಂತರೆ, ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತುತ್ತಾ ಪಟ್ಟಿಯಂತೆ ಮೇಲಕ್ಕೆ ಹೊರಡಿಸುತ್ತಾರೆ. ಪಟ್ಟಿ ತನ್ನ ಭಾರಕ್ಕೆ ತಾನೇ ಮುರಿದು ಬೀಳುವಾಗ ಎಷ್ಟು ಉದ್ದವಿತ್ತು ಎಂಬುದರಲ್ಲಿ ಜೇಡಿಯ ಪ್ರಮಾಣ ಅಡಗಿದೆ. ಎರಡೂವರೆ ಸೆಂಟಿಮೀಟರಿಗೆ ಮೊದಲೇ ಮುರಿದರೆ ಜೇಡಿ ಕಡಿಮೆ. ಐದು ದಾಟಿದರೆ ಅದು ಅಂಟುಜೇಡಿ. ಪಳಗಿದ ಕೈ ಇಷ್ಟರಲ್ಲೇ ಹೇಳಿದ್ದನ್ನು ಪ್ರಯೋಗಾಲಯ ಆಮೇಲೆ ಅಳೆದು ನೋಡುತ್ತದೆ. ಬೆರಳುಗಳಿಗೆ ಆ ನೆನಪು ಕೂರಲು ವರ್ಷಗಳು ಬೇಕು.

ಬಣ್ಣವನ್ನೂ ಕಣ್ಣಂದಾಜಿಗೆ ಬಿಡುವುದಿಲ್ಲ. ಅಮೆರಿಕದ ಚಿತ್ರಕಲಾ ಶಿಕ್ಷಕ ಆಲ್ಬರ್ಟ್ ಮನ್ಸೆಲ್ ರೂಪಿಸಿದ ಬಣ್ಣದ ಕ್ರಮವನ್ನು ಅನುಸರಿಸಿದ ಒಂದು ಪುಟ್ಟ ಪುಸ್ತಕ ಸಮೀಕ್ಷಕರ ಚೀಲದಲ್ಲಿರುತ್ತದೆ. ಅದರ ಹಾಳೆಗಳಲ್ಲಿ ಬಣ್ಣದ ಚೌಕಗಳು, ಪ್ರತಿ ಚೌಕದ ಪಕ್ಕದಲ್ಲಿ ಒಂದು ತೂತು. ಒದ್ದೆ ಮಣ್ಣಿನ ಹೆಂಟೆಯನ್ನು ತೂತಿನ ಹಿಂದೆ ಹಿಡಿದು, ಸರಿಹೊಂದುವ ಚೌಕ ಸಿಗುವ ತನಕ ಸರಿಸುತ್ತಾ ಹೋಗುತ್ತಾರೆ. ನಾವು ಸುಮ್ಮನೆ ಕೆಂಪು ಅನ್ನುವುದು ಅಲ್ಲಿ 2.5 ವೈಆರ್ 3/4 ಎಂದು ದಾಖಲಾಗುತ್ತದೆ. ಸಮನಾದ ಕೆಂಪು ಇದ್ದರೆ ನೀರು ನಿಲ್ಲದೆ ಬಸಿಯುತ್ತದೆ, ಗಾಳಿ ಆಡುತ್ತದೆ ಎಂದರ್ಥ. ಕಬ್ಬಿಣದ ಅಂಶ ಗಾಳಿಯೊಂದಿಗೆ ಸೇರಿ ಬಂದ ಬಣ್ಣ ಅದು. ಬೂದು ಮಚ್ಚೆ ಕಂಡರೆ ಅಲ್ಲಿ ನೀರು ತಂಗುತ್ತದೆ. ಕೊನೆಗೆ ತೆಳುವಾಗಿಸಿದ ಹೈಡ್ರೋಕ್ಲೋರಿಕ್ ಆಮ್ಲದ ಒಂದೆರಡು ಹನಿ. ಬುಸ್ಸೆಂದು ನೊರೆ ಎದ್ದರೆ ಸುಣ್ಣವಿದೆ.

ಹೀಗೆ ಗುಡ್ಡದ ತಲೆಯಿಂದ ಹಳ್ಳದವರೆಗೆ ಒಂದು ಗೆರೆ ಹಿಡಿದು, ಭೂಮಿಯ ರೂಪ ಬದಲಾದಲ್ಲೆಲ್ಲ ಗುಂಡಿ ತೆಗೆಯುತ್ತಾ ಇಳಿಯುತ್ತಾರೆ. ಕರ್ನಾಟಕದಲ್ಲಿ ಈ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆದದ್ದು ವಿಶ್ವಬ್ಯಾಂಕ್ ನೆರವಿನ ಸುಜಲಾ–3 ಜಲಾನಯನ ಯೋಜನೆಯಲ್ಲಿ. ಅದರ ಜಿಲ್ಲೆಗಳ ಪಟ್ಟಿಯಲ್ಲಿ ಚಾಮರಾಜನಗರವೂ ಇತ್ತು. ನಾಗಪುರದಲ್ಲಿ ಕೇಂದ್ರ ಕಚೇರಿ ಇರುವ ರಾಷ್ಟ್ರೀಯ ಮಣ್ಣು ಸಮೀಕ್ಷೆ ಮತ್ತು ಭೂ ಬಳಕೆ ಯೋಜನಾ ಸಂಸ್ಥೆಯ ಬೆಂಗಳೂರು ಕೇಂದ್ರ ಹಾಗೂ ಕೃಷಿ, ತೋಟಗಾರಿಕೆ ವಿಶ್ವವಿದ್ಯಾಲಯಗಳು ಕೂಡಿ ಇದನ್ನು ಮಾಡಿದವು. ಇದರ ಹೆಸರು ಭೂ ಸಂಪನ್ಮೂಲ ಸಮೀಕ್ಷೆ. ಸುಮಾರು 500 ಹೆಕ್ಟೇರಿನ ಒಂದೊಂದು ಕಿರು ಜಲಾನಯನವನ್ನೂ, ಎಂದರೆ ಬಿದ್ದ ಮಳೆಯೆಲ್ಲ ಒಂದೇ ಬಾಯಿಯಿಂದ ಹೊರಗೆ ಹೋಗುವ ಬೋಗುಣಿಯಂಥ ಪ್ರದೇಶವನ್ನೂ, ಸರ್ವೆ ನಂಬರಿನ ಗ್ರಾಮನಕ್ಷೆಯ ಮೇಲೆಯೇ ಬರೆದರು. ಆ ನಕ್ಷೆಯ ಅಳತೆ 1:7920. ಮೈಲಿಗೆ 8 ಅಂಗುಲ. ಒಬ್ಬ ರೈತ ತನ್ನ ಹೊಲದ ಮೂಲೆಯನ್ನು ಬೆರಳಿಟ್ಟು ತೋರಿಸಬಹುದಾದಷ್ಟು ದೊಡ್ಡದು. ನನಗೆ ಈ ಸಮೀಕ್ಷೆಯಲ್ಲಿ ಬಹಳ ಹಿಡಿಸಿದ್ದು ಇದೇ: ಜಿಲ್ಲೆಗೆಲ್ಲ ಒಂದೇ ಶಿಫಾರಸು ಹೇಳುವ ಕಾಲದಲ್ಲಿ, ಮಾತನ್ನು ಒಂದು ಸರ್ವೆ ನಂಬರಿನ ಮಟ್ಟಕ್ಕೆ ಇಳಿಸಿದ್ದು.

ನಕ್ಷೆಯ ಮೇಲೆ ಪ್ರತಿ ತುಂಡು ಭೂಮಿಗೂ ಆಳ, ಇಳಿಜಾರು, ಹರಳು, ಸವಕಳಿ ಇವುಗಳ ಸಂಕೇತ ಬರುತ್ತದೆ. 25 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ತೀರಾ ತೆಳು. 25ರಿಂದ 50 ತೆಳು. 100 ದಾಟಿದರೆ ಆಳವಾದ ಮಣ್ಣು. ಈ ಅಂಕಿಗಳ ಹಿಂದೆ ಬಾಯಾರಿಕೆಯ ಲೆಕ್ಕವಿದೆ. ಬೆಳೆಗೆ ಸಿಗುವಂತೆ 50 ಮಿಲಿಮೀಟರ್ ನೀರು ಹಿಡಿಯುವ ತೆಳುಮಣ್ಣಿನ ಮೇಲೆ, ದಿನಕ್ಕೆ 5 ಮಿಲಿಮೀಟರ್ ಖರ್ಚಾಗುವ ಒಣಬಿಸಿಲಿನಲ್ಲಿ, ಬೆಳೆ ಹತ್ತು ದಿನ ತಾಳುತ್ತದೆ. ಅದರ ಮೂರು ಪಟ್ಟು ನೀರು ಹಿಡಿಯುವ ಕೆಳಗಿನ ಹೊಲದಲ್ಲಿ ಒಂದು ತಿಂಗಳು. ಒಂದೇ ಮಳೆ, ಒಂದೇ ದಿನ ಬಿತ್ತನೆ. ಆದರೂ ಮೇಲಿನ ಹೊಲ ಮಗುಚಿ ಮಲಗುವಾಗ ಕೆಳಗಿನದು ಹಸಿರಾಗಿ ನಿಂತಿರುವುದು ಈ ಕಾರಣಕ್ಕೆ. ಎಲ್ಲವನ್ನೂ ಕೂಡಿಸಿ ಭೂಮಿಯನ್ನು ಎಂಟು ವರ್ಗ ಮಾಡುತ್ತಾರೆ. ಮೊದಲ ನಾಲ್ಕು ಉಳುಮೆಗೆ ಒಗ್ಗುವವು. ಐದರಿಂದ ಎಂಟು ಉಳಬಾರದವು. ಹುಲ್ಲಿಗೆ, ಮರಕ್ಕೆ, ಕಾಡಿಗೆ ಬಿಡಬೇಕಾದವು. ಕಲ್ಲುಭೂಮಿ ಎಂದು ಊರಿನವರು ಒಂದೇ ಪದದಲ್ಲಿ ಹೇಳಿ ಬಿಟ್ಟದ್ದು ಬಹುಪಾಲು ಈ ಕೊನೆಯ ಗುಂಪಿನಲ್ಲೇ ಬಂದು ಕೂರುತ್ತದೆ.

ಓದು ಮುಗಿದ ಮೇಲೆ ಗುದ್ದಲಿಯ ಕೆಲಸ. ಅದನ್ನು ಯಾವಾಗಲೂ ಮೇಲಿನಿಂದ ಶುರು ಮಾಡಬೇಕು. ಒಂದು ಎಕರೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಅದು ಸುಮಾರು ಒಂದು ಲಕ್ಷ ಲೀಟರ್ ನೀರು. ಅಷ್ಟು ನೀರು ಭರಣಿಯ ಒಂದು ಸಂಜೆಯಲ್ಲಿ ಬೀಳಬಲ್ಲದು. ಇಳಿಜಾರಿನಲ್ಲಿ ಅದಕ್ಕೆ ವೇಗ ಸಿಕ್ಕರೆ ಮೊದಲು ಹೋಗುವುದು ಮೇಲ್ಮಣ್ಣಿನ ನಯವಾದ ಭಾಗ. ಆಮೇಲೆ ಗೀರು, ಗೀರು ಹೋಗಿ ಕೊರಕಲು. ಕೆಳಗಿನ ಹೊಲದವನು ಎಷ್ಟೇ ಗಟ್ಟಿ ಬದು ಹಾಕಿದರೂ ಮೇಲಿನವನು ಸುಮ್ಮನಿದ್ದರೆ ಒಂದೇ ಮಳೆಗೆ ಒಡೆಯುತ್ತದೆ. ಆದ್ದರಿಂದ ಬದುವಿನ ಕೆಲಸಕ್ಕೆ ಮೊದಲು ನೆರೆಹೊರೆಯವರು ಕೂತು ಮಾತಾಡಬೇಕು.

ಬದು ಇಳಿಜಾರಿಗೆ ಅಡ್ಡವಾಗಿ, ಒಂದೇ ಮಟ್ಟದಲ್ಲಿ ಹೋಗಬೇಕು. ಅಲ್ಲಲ್ಲಿ ಒಂದು ಗೇಣು ತಗ್ಗಿದರೂ ನೀರೆಲ್ಲ ಅಲ್ಲಿ ಸೇರಿ ಕಿತ್ತುಕೊಂಡು ಹೋಗುತ್ತದೆ. ಮಟ್ಟ ಹಿಡಿಯಲು ಬೆಲೆಬಾಳುವ ಯಂತ್ರ ಬೇಕಿಲ್ಲ. ಆಳುದ್ದದ ಎರಡು ನೇರ ಗಳುಗಳ ತಲೆಗಳನ್ನು ಕೂಡಿಸಿ ಕಟ್ಟಿ, ಕಾಲುಗಳನ್ನು ಅಗಲಿಸಿ, ನಡುವೆ ಅಡ್ಡಪಟ್ಟಿ ಬಿಗಿದರೆ ಏಣಿಯ ಮಗ್ಗುಲಿನಂಥ ಚೌಕಟ್ಟು ಆಗುತ್ತದೆ. ತಲೆಯಿಂದ ಒಂದು ದಾರ ಇಳಿಬಿಟ್ಟು ತುದಿಗೆ ಕಲ್ಲು ಕಟ್ಟುತ್ತಾರೆ. ಈ ಸಾಧನಕ್ಕೆ ಮೊದಲು ತನ್ನ ಮಟ್ಟವನ್ನು ತಾನೇ ಕಂಡುಕೊಳ್ಳುವಂತೆ ಮಾಡಬೇಕು. ಎರಡು ಗೂಟದ ಮೇಲೆ ಕಾಲಿಟ್ಟು ನಿಲ್ಲಿಸಿ, ದಾರ ಅಡ್ಡಪಟ್ಟಿಯನ್ನು ಮುಟ್ಟಿದಲ್ಲಿ ಇದ್ದಿಲಿನಿಂದ ಗೆರೆ ಎಳೆಯುತ್ತಾರೆ. ಚೌಕಟ್ಟನ್ನು ತಿರುಗಿಸಿ, ಎಡಗಾಲಿದ್ದ ಗೂಟಕ್ಕೆ ಬಲಗಾಲು ಬರುವಂತೆ ನಿಲ್ಲಿಸಿ ಇನ್ನೊಂದು ಗೆರೆ. ಎರಡು ಗೆರೆಗಳ ಸರಿಯಾದ ನಡುವೆ ಮೂರನೆಯ ಗೆರೆ ಎಳೆದರೆ ಅದೇ ಮಟ್ಟದ ಗೆರೆ. ಗಳು ಸೊಟ್ಟಗಿದ್ದರೂ, ಕಾಲು ಅರ್ಧ ಅಂಗುಲ ಹೆಚ್ಚುಕಡಿಮೆ ಇದ್ದರೂ, ಗೂಟಗಳೇ ಏರುತಗ್ಗಾಗಿದ್ದರೂ ಈ ತಿರುಗಿಸುವಿಕೆಯಲ್ಲಿ ತಪ್ಪು ತಪ್ಪನ್ನೇ ನುಂಗಿಹಾಕುತ್ತದೆ.

ಇನ್ನು ನಡಿಗೆ. ಒಂದು ಕಾಲನ್ನು ಗೂಟದ ಬಳಿ ಊರಿ, ಇನ್ನೊಂದನ್ನು ಮೇಲೆ ಕೆಳಗೆ ಆಡಿಸುತ್ತಾರೆ. ಕಲ್ಲು ತೂಗಾಡುತ್ತದೆ. ಗಾಳಿ ನಿಲ್ಲಲು ಕಾಯಬೇಕು. ಜುಲೈ ಗಾಳಿಯಲ್ಲಿ ಈ ಕೆಲಸ ಮಾಡಲಾಗದು. ದಾರ ನಡುಗೆರೆಗೆ ಬಂದು ನಿಂತ ಕ್ಷಣ ಅಲ್ಲೊಂದು ಗೂಟ. ಮತ್ತೆ ಆ ಗೂಟದಿಂದ ಮುಂದಿನದು. ಕಣ್ಣಿಗೆ ನೇರ ಕಾಣುತ್ತಿದ್ದ ಹೊಲದಲ್ಲಿ ಗೂಟಗಳ ಸಾಲು ಹಾವಿನಂತೆ ಬಳುಕುತ್ತಾ ಹೋಗುತ್ತದೆ. ನೋಡುತ್ತಿದ್ದವರಿಗೆ ತಮ್ಮದೇ ಭೂಮಿಯ ಆಕಾರ ಮೊದಲ ಬಾರಿ ಬಿಡಿಸಿ ತೋರಿಸಿದಂತಾಗುತ್ತದೆ. ಆ ಸಾಲಿನುದ್ದಕ್ಕೂ ಕಂದಕ ತೋಡಿ, ಮಣ್ಣನ್ನು ಕೆಳಬದಿಗೆ ಏರಿಸಿ ತುಳಿದು ಗಟ್ಟಿ ಮಾಡಿದರೆ ಕಂದಕಬದು. ಹೆಚ್ಚಿನ ನೀರು ಹೋಗಲು ಒಂದು ಬದಿಯಲ್ಲಿ ಕಲ್ಲು ಹಾಸಿದ ಕೋಡಿ ಇರಲೇಬೇಕು. ಬದುವಿನ ನೆತ್ತಿಗೆ ಲಾವಂಚ ಅಥವಾ ಹಸುಗಳಿಗಾಗುವ ಹುಲ್ಲು, ನಡುನಡುವೆ ಹೊಂಗೆ, ಬೇವು. ಹಿಂದೆ ಆಗಿಹೋದ ಕೊರಕಲುಗಳಿಗೆ ಹೊಲದಲ್ಲೇ ಆಯ್ದ ಕಲ್ಲುಗಳ ಒಣಕಟ್ಟಡ. ಗಾರೆ ಹಾಕುವುದಿಲ್ಲ, ನೀರು ಸೋಸಿ ಹೋಗಿ ಹೂಳು ಮಾತ್ರ ಉಳಿಯಬೇಕು. ಆ ಹೂಳೇ ಮುಂದೆ ಕೊರಕಲನ್ನು ಮುಚ್ಚುತ್ತದೆ.

ಇಷ್ಟಾದ ಮೇಲೆ ಬಿತ್ತನೆ. ಹಳೆ ಮೈಸೂರಿನ ಒಣಬೇಸಾಯದ ದೊಡ್ಡ ಜಾಣ್ಮೆ ಅಕ್ಕಡಿ ಸಾಲು. ರಾಗಿಯ ಎಂಟು ಸಾಲಿಗೆ ಒಂದು ಸಾಲು ಅವರೆ, ಅಥವಾ ಎರಡು ಸಾಲು ತೊಗರಿ. ಅಂಚಿಗೆ ಹುಚ್ಚೆಳ್ಳು, ಹರಳುಗಿಡ. ಅಲ್ಲಲ್ಲಿ ಜೋಳ, ಸಾಸಿವೆ, ಅಲಸಂದೆ. ಬಿತ್ತುವಾಗ ಕೂರಿಗೆಯ ಬಟ್ಟಲಿಗೆ ಬೆರಳ ಸಂದಿಯಿಂದ ರಾಗಿ ಬಿಡುವವರು ಹೆಚ್ಚಾಗಿ ಹೆಂಗಸರು. ಒಂದು ಕಿಲೋ ರಾಗಿಯಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಕಾಳುಗಳಿವೆ. ಎಕರೆಗೆ ನಾಲ್ಕೈದು ಕಿಲೋ ಸಾಕು. ಅಷ್ಟು ಸಣ್ಣ ಕಾಳನ್ನು ನಡೆಯುತ್ತಾ, ಎತ್ತಿನ ಹೆಜ್ಜೆಗೆ ಹೊಂದಿಸಿ, ಎಲ್ಲ ಕೊಳವೆಗೂ ಸಮನಾಗಿ ಇಳಿಸುವುದು ಮುಷ್ಟಿಯ ವಿದ್ಯೆ. ಕೂರಿಗೆಯ ಹಿಂದೆ ಹಗ್ಗ ಕಟ್ಟಿಕೊಂಡು ಬರುವ ಒಂಟಿ ಬಿದಿರು ಕೊಳವೆಗೆ ಸಡ್ಡೆ ಎನ್ನುತ್ತಾರೆ. ಇನ್ನೊಬ್ಬಾಕೆ ಅದರಲ್ಲಿ ಅವರೆ, ತೊಗರಿ ಬಿಡುತ್ತಾ ಬರುತ್ತಾಳೆ. ರಾಗಿಯ ಕೊಳವೆಗಿಂತ ಸಡ್ಡೆ ಆಳಕ್ಕೆ ಹೋಗುತ್ತದೆ, ಏಕೆಂದರೆ ದಪ್ಪ ಬೀಜಕ್ಕೆ ಹೆಚ್ಚು ತೇವ ಬೇಕು. ಇಪ್ಪತ್ತು ದಿನಕ್ಕೆ ಹಲುಬೆ ಹೊಡೆದು ಒತ್ತಾದ ಪೈರನ್ನು ತೆಳು ಮಾಡುತ್ತಾರೆ.

ರಾಗಿಯ ಬೇರು ನಾರುನಾರಾಗಿ ಮೇಲಿನ ಪದರದಲ್ಲೇ ಹಬ್ಬುತ್ತದೆ. ತೊಗರಿಯ ತಾಯಿಬೇರು ಅದರ ಕೆಳಗೆ ನೀರು ಹುಡುಕುತ್ತದೆ. ರಾಗಿ ಕೊಯ್ಲಾದ ಮೇಲೆ ಅವರೆಗೆ ಜಾಗವೂ ಬಿಸಿಲೂ ಸಿಕ್ಕಿ, ಮಾಗಿಯ ಇಬ್ಬನಿಯಲ್ಲಿ ಹೂ ಬಿಡುತ್ತದೆ. ಅದರ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುತ್ತವೆ. ಹುಚ್ಚೆಳ್ಳನ್ನು ದನ ಮೂಸುವುದಿಲ್ಲ, ಆದ್ದರಿಂದ ಅಂಚಿನಲ್ಲಿ ಅದೇ ಬೇಲಿ. ಗುಂಡಿಯ ಗೋಡೆಯಲ್ಲಿ ಚಾಕುವಿನಿಂದ ಗುರುತಿಸಿದ ಪದರಗಳನ್ನು ಈ ಸಾಲುಗಳು ಬೇರಿನಿಂದ ಗುರುತಿಸುತ್ತವೆ. ತೆಳುವಾದ ಮೇಲಿನ ಹೊಲಕ್ಕೆ ಹುರುಳಿ; ನಡುವಿನ ಗರಸಿಗೆ ಅಕ್ಕಡಿಯ ರಾಗಿ; ಗೋಡಿನಲ್ಲಿ ಜೋಳ, ತೊಗರಿ; ಹಳ್ಳದ ಮಗ್ಗುಲಿಗೆ ಬಾವಿ ನೀರಿದ್ದರೆ ಅರಿಸಿನ, ಬೆಳ್ಳುಳ್ಳಿ.

ಅಕ್ಕಡಿ ಇಂದು ಕಡಿಮೆಯಾಗಿದೆ. ಮುಸುಕಿನ ಜೋಳದ ಹೈಬ್ರಿಡ್ ಬೀಜಕ್ಕೆ ಮಾರುಕಟ್ಟೆ ಇದೆ ಎಂಬುದು ಒಂದು ಕಾರಣ, ಕಾಡಂಚಿನಲ್ಲಿ ಇನ್ನೊಂದಿದೆ. ರಾಗಿ ಕೊಯ್ದ ಮೇಲೂ ಅವರೆಗಾಗಿ ಜನವರಿಯ ತನಕ ಅಟ್ಟಣೆ ಮೇಲೆ ರಾತ್ರಿ ಕಾವಲು ಕೂರಬೇಕು. ಅಕ್ಕಪಕ್ಕದವರೆಲ್ಲ ಕೊಯ್ದು ಮನೆಗೆ ಹೋದ ಮೇಲೆ ಒಂಟಿ ಹೊಲ ಆನೆಯ ದಾರಿಗೆ ಬೀಳುತ್ತದೆ. ಹೀಗಾಗಿ ಇಲ್ಲಿನ ಯೋಜನೆಯಲ್ಲಿ ಆನೆಗೂ ಒಂದು ಅಂಕಣ ಇರಬೇಕು: ಕಾಡಿನ ಕಡೆಗೆ ಹಲಸು, ಬಾಳೆ ಬೇಡ, ಅಲ್ಲಿ ಮೆಣಸಿನಕಾಯಿ, ಹರಳು, ಹತ್ತಿ ಇರಲಿ, ಅಕ್ಕಡಿ ಇಡುವವರು ಒಟ್ಟಾಗಿ ಒಂದೇ ಬಯಲಲ್ಲಿ ಇಡಲಿ, ಕಾವಲು ಹಂಚಿಕೊಳ್ಳಲಿ.

ದನಗಳ ವಿಷಯ ಇದಕ್ಕಿಂತ ಕಠಿಣ. ಗಡಿಯಾಚೆಯ ಬರಗೂರು ಬೆಟ್ಟದಲ್ಲಿ ಕನ್ನಡ ಮಾತಾಡುವ ಲಿಂಗಾಯತರು ಸಾಕುವ ಕಂದು ಮೈಯ ಬಿಳಿ ಮಚ್ಚೆಯ ಬರಗೂರು ತಳಿ, ಈ ಸುತ್ತಿನ ಆಲಂಬಾಡಿ, ಹಳ್ಳಿಕಾರ್ ಇವೆಲ್ಲ ಕಾಡಿನ ದೊಡ್ಡಿಗಳಲ್ಲಿ ತಂಗಿ ಮೇಯ್ದು ಬೆಳೆದ ದನಗಳು. ತೆಳುಮಣ್ಣಿಗೆ ಬೇಕಾದ ಗೊಬ್ಬರ ಅಲ್ಲಿಂದಲೇ ಬರಬೇಕು. ಸಾವಯವ ಅಂಶವಿಲ್ಲದ ಗರಸು ನೀರು ಹಿಡಿಯದು. ಆದರೆ ಅದೇ ಕಾಡಿನಲ್ಲಿ ಹುಲಿಯೂ ಇದೆ. 2025ರ ಜೂನ್ ಕೊನೆಯಲ್ಲಿ ಹೂಗ್ಯಂ ವಲಯದ ಮೀಣ್ಯಂ ಕಾಡಿನಲ್ಲಿ ಒಂದು ತಾಯಿ ಹುಲಿ ಮತ್ತು ಅದರ ನಾಲ್ಕು ಮರಿಗಳು, ವಿಷ ಹಾಕಿದ್ದ ಹಸುವಿನ ಕಳೇಬರ ತಿಂದು ಸತ್ತವು. ಆ ಸುದ್ದಿ ಓದಿದವರ ಮನಸ್ಸು ಇನ್ನೂ ತಣ್ಣಗಾಗಿಲ್ಲ. ಮೇವನ್ನು ಹೊಲದ ಲೆಕ್ಕದೊಳಗೆ ತರುವುದು ಎಷ್ಟು ತುರ್ತಿನದು ಎಂದು ಆ ಐದು ಸಾವುಗಳು ತೋರಿಸಿದವು. ಬದುವಿನ ಹುಲ್ಲು, ರಾಗಿ ಹುಲ್ಲಿನ ಬಣವೆ, ಉಳಬಾರದ ಮೇಲಿನ ತುಂಡುಗಳಲ್ಲಿ ಸರದಿಯ ಮೇವು, ಇವು ಸಾಲುವಷ್ಟು ಆದರೆ ಹಸು ಕಾಡಿನ ಒಳಕ್ಕೆ ಹೋಗುವ ದೂರ ಕಡಿಮೆಯಾಗುತ್ತದೆ.

ಕಾಡಿನ ಬಗೆಗೂ ಇಲ್ಲಿ ಒಂದು ಹಳೆಯ ವಿದ್ಯೆ ಇತ್ತು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಿಗೆಯ ಮೊದಲಲ್ಲೇ, ನೆಲದಲ್ಲಿ ಇನ್ನೂ ತೇವ ಇರುವಾಗ, ಒಣ ಎಲೆಗಷ್ಟೇ ತಗಲುವಂತೆ ಹಚ್ಚುತ್ತಿದ್ದ ಕಿರುಬೆಂಕಿಗೆ ತರಗುಬೆಂಕಿ ಎಂದು ಹೆಸರು. ಅದು ನಿಂತ ಮೇಲೆ ಲಾಂಟಾನ ಹಬ್ಬಿ ಹುಲ್ಲನ್ನು ನುಂಗಿತು ಎನ್ನುತ್ತಾರೆ ಅವರು. ಆ ಲಾಂಟಾನದ ಕಡ್ಡಿಯನ್ನೇ ಬೇಯಿಸಿ, ಸಿಪ್ಪೆ ಸುಲಿದು, ಬಗ್ಗಿಸಿ ಕುರ್ಚಿ, ಬುಟ್ಟಿ ಮಾಡುವ ಕಸುಬನ್ನು ಮಹದೇಶ್ವರ ಬೆಟ್ಟದ ಸೋಲಿಗರು ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆಯ ಜೊತೆಗೂಡಿ ಬೆಳೆಸಿದ್ದಾರೆ.

ಸಂಕ್ರಾಂತಿ ಹತ್ತಿರ ಬರುವಾಗ ಹೊಲ ಬರಿದಾಗುತ್ತದೆ. ರಾಗಿ ಕಣ ಮುಗಿದು, ಅವರೆ ಒಣಗಿ, ತೊಗರಿ ಗಿಡ ಕಡಿದು ಅಂಗಳದಲ್ಲಿ ಒರಗಿಸಿರುತ್ತಾರೆ. ಬಿತ್ತನೆಗೆ ಬೀಜ ಎತ್ತಿಡುವುದು ಈಗ. ದಪ್ಪ ತೆನೆ, ಹುಳ ಮುಟ್ಟದ ಕಾಯಿ ಮೊದಲೇ ಗುರುತಾಗಿರುತ್ತವೆ. ಬಿಸಿಲಿಗೆ ಹರಡಿ, ಬೂದಿ ಬೆರೆಸಿ, ಬೇವಿನ ಸೊಪ್ಪು ಹಾಕಿ ಹಳೆಯ ಬಟ್ಟೆಯಲ್ಲಿ ಗಂಟು ಕಟ್ಟುತ್ತಾರೆ. ಗಂಟುಗಳ ಮೇಲೆ ಬರಹವಿಲ್ಲ. ಕಟ್ಟುವ ಕೈಗೆ ಗೊತ್ತು: ಹುರುಳಿಯ ಚಿಕ್ಕ ಗಂಟು ಕಲ್ಲಂಚಿನ ಮೇಲಿನ ಹೊಲಕ್ಕೆ, ರಾಗಿಯೂ ಅವರೆಯೂ ಒಟ್ಟಿಗೆ ನಡುವಿನ ಗರಸಿಗೆ, ತೊಗರಿ ಗೋಡಿಗೆ. ಗೂಡಿನಲ್ಲಿ ಅವುಗಳನ್ನು ಅದೇ ಸಾಲಿನಲ್ಲಿ ಇಡುತ್ತಾರೆ, ಗುಡ್ಡದ ಕಡೆಯಿಂದ ಹಳ್ಳದ ಕಡೆಗೆ.